ಗೆದ್ದವರಲ್ಲಿ ಮೂರು ಬಗೆ

ಭಾನುವಾರಗಳಂದು ನ್ಯೂಯಾರ್ಕಿನ ಹತ್ತಿರದ ಬ್ರಿಡ್ಜ್‌ವಾಟರ್‌ನಲ್ಲಿ ಪರಿಚಯದವರೊಬ್ಬರ ಬೇಸ್‌ಮೆಂಟಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಒತ್ತಕ್ಷರಕ್ಕೆ ಬೇಸತ್ತು ಅವು ಆಕಳಿಸತೊಡಗಿದರೆ ಹಳೆಯ ರಾಜರ ವಿಷಯ ತೆಗೆಯುತ್ತಿದ್ದೆ. ಒಂದು ದಿನ ಹೇಳಿದ್ದು ಅವರು ರಾಜ್ಯ ಹಿಗ್ಗಿಸಿಕೊಂಡ ರೀತಿ. ಗೆಲ್ಲುವವರಲ್ಲಿ ಮೂರು ಬಗೆ ಎಂದು ಹಿಂದಿನವರು ವಿಂಗಡಿಸಿದ್ದರು. ಧರ್ಮವಿಜಯಿಗೆ ಸೋತವನು ತಲೆಬಾಗಿದರೆ ಸಾಕು, ಅವನ ಸಿಂಹಾಸನ ಅವನಿಗೇ ಬಿಟ್ಟು ಹೋಗುತ್ತಾನೆ. ಲೋಭವಿಜಯಿಗೆ ನೆಲ, ಹಣ ಬೇಕು. ಅಸುರವಿಜಯಿ ನೆಲ, ಹಣ, ಹೆಂಡತಿ ಮಕ್ಕಳು, ಕೊನೆಗೆ ಸೋತವನ ಪ್ರಾಣವನ್ನೂ ಬಿಡುವುದಿಲ್ಲ.

ಹುಡುಗಿಯೊಬ್ಬಳು ಕೈ ಎತ್ತಿದಳು. ಅವಳ ಅಪ್ಪ ಮತ್ತು ನಾನು ಒಂದೇ ಔಷಧ ಕಂಪನಿಯಲ್ಲಿದ್ದೆವು. ದೊಡ್ಡ ಕಂಪನಿಯೊಂದು ನಮ್ಮದನ್ನು ಕೊಂಡುಕೊಂಡ ಸುದ್ದಿ ಆ ವಾರವಷ್ಟೇ ಬಂದಿತ್ತು.

"ಆಂಟಿ, ವಿಚ್ ಕೈಂಡ್ ಬಾಟ್ ಮೈ ಡ್ಯಾಡ್ಸ್ ಕಂಪನಿ?"

"ಮೊದಲನೇ ಥರದವ್ರು ಪುಟ್ಟಿ," ಎಂದೆ. ಮಗುವನ್ನು ಸಮಾಧಾನ ಮಾಡಲು ಅಂದ ಮಾತಲ್ಲ, ನಾನೇ ಹಾಗೆ ನಂಬಿದ್ದೆ.

ನ್ಯೂಯಾರ್ಕಿನಲ್ಲಿ ಬ್ಯಾಂಕುಗಳು ಮುಳುಗುತ್ತಿದ್ದ ಚಳಿಗಾಲ ಅದು. ನನ್ನ ವೀಸಾ ನಿಂತಿದ್ದದ್ದು ನನ್ನ ಕೆಲಸದ ಮೇಲೆ, ಗಂಡನದು ನನ್ನ ವೀಸಾದ ಮೇಲೆ. ಕೆಲಸ ಹೋದರೆ ಇಬ್ಬರೂ ದೇಶ ಬಿಡಬೇಕು. ಪ್ರಿನ್ಸ್‌ಟನ್ನಿನ ಲ್ಯಾಬೊಂದು ನನ್ನನ್ನು ಕೆಲಸಕ್ಕೆ ಕರೆದಿತ್ತು.

"ಸುಮ್ನೆ ಹೋಗ್ಬಿಡು," ಅಂದರು ಗಂಡ.

"ಬೇಗ ಶರಣಾದವರಿಗೆ ಅವರವರ ಸೀಮೆ ವಾಪಸ್ ಸಿಗತ್ತೆ ರೀ," ಎಂದು ನಾನು ಅವರಿಗೂ ಪಾಠ ಮಾಡಿದೆ. ಆಫೀಸಿನಲ್ಲಿ ಆ ಹುಡುಗಿಯ ಅಪ್ಪನೂ, "ರಾಮ ಆಳಿದ್ರೇನು, ರಾವಣ ಆಳಿದ್ರೇನು, ರಾಗಿ ಬೀಸೋದು ತಪ್ಪತ್ತೇನ್ರೀ?" ಎಂದು ನಗುತ್ತಿದ್ದರು.

ಹೊಸ ಕಂಪನಿಯವರು ನೋಡಲು ಬಂದ ದಿನ ನಾವು ಇಂಡಿಯನ್ನರೆಲ್ಲ ಮನೆಯಿಂದ ಒಂದೊಂದು ಅಡುಗೆ ತಂದು ಪಾಟ್‌ಲಕ್ ಇಟ್ಟೆವು. ಸೋತ ರಾಜರು ಊರಬಾಗಿಲಿಗೇ ಹೋಗಿ ಕಪ್ಪಕಾಣಿಕೆ ಒಪ್ಪಿಸುತ್ತಿದ್ದರಲ್ಲ, ಹಾಗೆ. ನಾನು ಅಲ್ಯೂಮಿನಿಯಂ ಟ್ರೇ ತುಂಬ ಬಿಸಿಬೇಳೆಬಾತ್ ಒಯ್ದೆ. ಅವರ ಮುಖ್ಯಸ್ಥ ಹಣೆ ಒರೆಸಿಕೊಳ್ಳುತ್ತ ಎರಡನೇ ಸಲ ಹಾಕಿಸಿಕೊಂಡ, ರೆಸಿಪಿ ಬೇರೆ ಕೇಳಿದ. ಇನ್ನೇನು ಭಯವಿಲ್ಲ ಅನ್ನಿಸಿತು. ಸಂಜೆ ಪ್ರಿನ್ಸ್‌ಟನ್ನಿಗೆ ಫೋನ್ ಮಾಡಿ ಬರುವುದಿಲ್ಲ ಅಂದೆ.

ಮುಂದಿನ ವಾರ ಎಲ್ಲರನ್ನೂ ಕೆಫೆಟೇರಿಯಾದಲ್ಲಿ ಸೇರಿಸಿದರು. ಅದೇ ಮುಖ್ಯಸ್ಥ ಮಾತಾಡಿದ. ಅವರಿಗೆ ಬೇಕಿದ್ದದ್ದು ನಮ್ಮ ಒಂದೇ ಒಂದು ಮಾತ್ರೆಯ ಹಕ್ಕು. ಅದು ಸಿಕ್ಕಿತ್ತು. ಲ್ಯಾಬು, ಕಟ್ಟಡ, ಜನ ಯಾವುದೂ ಬೇಡವಂತೆ, ಮುಚ್ಚಿಬಿಡುತ್ತಾರಂತೆ. ನಮ್ಮ ಕೆಲಸ ಬಹಳ ಚೆನ್ನಾಗಿತ್ತು ಎಂದೂ ಸೇರಿಸಿದ. ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಏನೂ ಅನ್ನಿಸಲೇ ಇಲ್ಲ. ಕಾರಿನ ಗಾಜಿನ ಮೇಲಿನ ಹಿಮ ಕೆರೆದೆ, ಮನೆಗೆ ಡ್ರೈವ್ ಮಾಡಿದೆ, ಗಂಡನಿಗೆ ಹೇಳಿದೆ. ಅವರು ಟಿವಿ ಆರಿಸಿದರು. ಪ್ರಿನ್ಸ್‌ಟನ್ನಿಗೆ ಮತ್ತೆ ಫೋನ್ ಮಾಡಿದರೆ, ಆ ಕೆಲಸಕ್ಕೆ ಬೇರೆಯವರನ್ನು ತೆಗೆದುಕೊಂಡಾಗಿತ್ತು.

ಭಾನುವಾರ ಎಂದಿನಂತೆ ಕ್ಲಾಸಿಗೆ ಹೋದೆ. ಹೋಗದಿದ್ದರೆ ಇನ್ನೇನು ಮಾಡಬೇಕೆಂದು ತೋಚಲಿಲ್ಲ. ಆ ಹುಡುಗಿ ಮುಂದೆಯೇ ಕೂತಿದ್ದಳು. ಮನೆಯಲ್ಲಿ ವಿಷಯ ತಿಳಿದಿತ್ತು ಅಂತ ಕಾಣುತ್ತದೆ, ರಾಜರ ಬಗ್ಗೆ ಏನೂ ಕೇಳಲಿಲ್ಲ. ಕ್ಲಾಸು ಮುಗಿದು ಉಳಿದ ಮಕ್ಕಳೆಲ್ಲ ಮೆಟ್ಟಿಲು ಹತ್ತಿದ ಮೇಲೆ ಹತ್ತಿರ ಬಂದಳು.

"ಆಂಟಿ, ಆರ್ ವೀ ಗೋಯಿಂಗ್ ಬ್ಯಾಕ್ ಟು ಇಂಡಿಯಾ?"

"ನಿಮ್ಮದು ಗೊತ್ತಿಲ್ಲ ಪುಟ್ಟಿ. ನಾವು ಹೋಗ್ತಿದೀವಿ."

ಅದನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಗಂಡನ ಹತ್ತಿರವೂ ಇನ್ನೂ ಅಂದಿರಲಿಲ್ಲ.