ಬಕೆಟ್ಟಿನ ತಳದ ಕೆಂಪು

ಚಳಿಗಾಲ ಬಂತೆಂದರೆ ನನಗೆ ಹೇಸಿಗೆ. ಯಶವಂತನಗರದಲ್ಲಿ ಅದಿರಿನ ಲಾರಿಗಳು ಓಡುವ ರಸ್ತೆಗೆ ಮುಖ ಮಾಡಿದ ಮನೆ ನಮ್ಮದು. ಮಳೆಗಾಲದಲ್ಲಿ ಕೆಸರಾಗಿ ನೆಲಕ್ಕಂಟಿಕೊಂಡಿರುವ ಕೆಂಪು ಮಣ್ಣು, ದೀಪಾವಳಿ ಕಳೆದು ನೆಲ ಒಣಗಿದ ಕೂಡಲೇ ಎದ್ದು ಮನೆಯೊಳಗೆ ಬರುತ್ತದೆ. ಕರೆಯದೇ ಬಂದ ನೆಂಟರಾದರೂ ನಾಲ್ಕು ದಿನಕ್ಕೆ ಹೊರಡುತ್ತಾರೆ. ಇದು ಯುಗಾದಿಯವರೆಗೆ ಜಪ್ಪಯ್ಯ ಅಂದರೂ ಹೊರಡುವುದಿಲ್ಲ.

ನಾನೂ ಸುಮ್ಮನಿರುವವಳಲ್ಲ. ಕಿಟಕಿಯ ಸಂದಿಗಳಿಗೆಲ್ಲ ಹಳೇ ಸೀರೆ ತುರುಕುತ್ತೇನೆ, ಬಾಗಿಲಿಗೆ ಒದ್ದೆ ಗೋಣಿಚೀಲ ತೂಗುಹಾಕುತ್ತೇನೆ, ಅಂಗಳಕ್ಕೆ ಎರಡು ಹೊತ್ತೂ ನೀರು ಹೊಡೆಯುತ್ತೇನೆ. ಆದರೂ ಹಾಲಿನ ಕೆನೆಯ ಮೇಲೆ ಕೆಂಪು. ಮಡಿಸಿಟ್ಟ ಕೌದಿ ಕೊಡವಿದರೆ ಕೆಂಪು. ದೇವರ ಜಗಲಿಯ ವಿಭೂತಿ ಗಟ್ಟಿಗೂ ಕೆಂಪು ಅಡರಿ, ಅದನ್ನು ಹಚ್ಚಿಕೊಂಡು ಕೆಲಸಕ್ಕೆ ಹೊರಟ ನನ್ನ ಗಂಡ ಕುಂಕುಮ ಇಟ್ಟವರ ಹಾಗೆ ಕಾಣುತ್ತಾರೆ. ಕಂಪ್ಲಿಯಲ್ಲಿ ನನ್ನ ತವರುಮನೆ ಅಕ್ಕಿ ಗಿರಣಿಯ ಪಕ್ಕದಲ್ಲಿತ್ತು, ಅಲ್ಲಿ ದಿನಾ ಬೂದಿ ಬೀಳುತ್ತಿತ್ತು. ಮದುವೆಯಾಗಿ ಅದರಿಂದ ಪಾರಾದೆ ಅಂತ ಹಿಗ್ಗಿದ್ದೆ. ಎಲ್ಲಿ ಹೋದರೂ ಶನಿ ಬೆನ್ನು ಬಿಡಲಿಲ್ಲ.

ಬಟ್ಟೆ ಒಗೆಯುವುದಂತೂ ಎಲ್ಲಕ್ಕಿಂತ ಹೊಲಸು ಕೆಲಸ. ಮೊದಲು ನೆನೆಹಾಕಬೇಕು. ಚಹಾ ಕುಡಿದು ಬರುವಷ್ಟರಲ್ಲಿ ಧೂಳು ಬಕೆಟ್ಟಿನ ತಳಕ್ಕೆ ಇಳಿದು ಮೇಲಿನ ನೀರು ತಿಳಿಯಾಗಿರುತ್ತದೆ. ತಳಕ್ಕೆ ಕೈ ಹಾಕಿದರೆ ಲೋಳೆಯಂಥ ರಾಡಿ. ಎಷ್ಟು ವರ್ಷವಾದರೂ ಅದನ್ನು ಮುಟ್ಟಿದಾಗ ನನಗೆ ಓಕರಿಕೆ ಬರುತ್ತದೆ.

ಅದರಲ್ಲೂ ಅತ್ತೆಯ ಟವೆಲ್ಲು! ಚಳಿ ಶುರುವಾದರೆ ಅವರಿಗೆ ಕೆಮ್ಮು. ಕೆಮ್ಮಿ ಅದರಲ್ಲೇ ಉಗಿದು, ಮಡಚಿ ದಿಂಬಿನ ಕೆಳಗಿಡುತ್ತಿದ್ದರು. ನಾನು ಅದನ್ನು ಎರಡೇ ಬೆರಳಲ್ಲಿ ಎತ್ತಿ ಬಚ್ಚಲಿಗೆ ಒಯ್ಯುತ್ತಿದ್ದೆ, ಅವರಿಗೆ ಕೇಳುವಂತೆಯೇ ಗೊಣಗುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಒಂದು ಚಳಿಗಾಲದಲ್ಲಿ ಅತ್ತೆ ಟವೆಲ್ಲನ್ನು ತಾವೇ ಒಗೆಯತೊಡಗಿದರು. ಕುಡಿದ ಲೋಟ ಎತ್ತಿಡದ ಹೆಂಗಸು, ನಾನು ಏಳುವ ಮುಂಚೆಯೇ ಎದ್ದು ತಣ್ಣೀರಲ್ಲಿ ಒಗೆಯುವುದೆಂದರೆ! ಅಂತೂ ಬುದ್ಧಿ ಬಂತು ಅಂತ ನಾನು ಖುಷಿಪಟ್ಟೆ. ಒಂದು ಮುಂಜಾನೆ ಮಾತ್ರ ಅವರು ಟವೆಲ್ಲು ನೆನೆಹಾಕಿದವರು ಕೆಮ್ಮು ತಡೆಯಲಾರದೆ ಹೋಗಿ ಹಾಸಿಗೆಯಲ್ಲಿ ಕುಳಿತುಬಿಟ್ಟಿದ್ದರು. ಬಚ್ಚಲಿಗೆ ಹೋದರೆ ಸಣ್ಣ ಬಕೆಟ್ಟಿನ ನೀರು ಕೆಂಪಗಿತ್ತು.

“ಧೂಳದು. ನೀ ಮುಟ್ಟಬ್ಯಾಡ, ನಿನಗ ಹೇಸಿಕಿ ಬರ್ತದ,” ಅಂತ ಒಳಗಿಂದಲೇ ಅಂದರು.

ಸರಿ ಅಂತ ಚಹಾ ಕುಡಿದು ಬಂದೆ. ತಳದಲ್ಲಿ ಒಂದಿಷ್ಟು ರಾಡಿ ಕೂತಿತ್ತು. ಆದರೆ ಮೇಲಿನ ನೀರು ತಿಳಿಯಾಗಿರಲಿಲ್ಲ. ಕೆಂಪು ನೀರಿನಲ್ಲೇ ಕರಗಿ ನಿಂತಿತ್ತು. ಅತ್ತೆಯ ಹಾಸಿಗೆಯ ಹತ್ತಿರ ಹೋದೆ.

“ಅತ್ತೀ, ಧೂಳು ತಳಕ್ಕ ಕುಂದರತದ್ರಿ. ಇದು ಕುಂತಿಲ್ಲ.”

ಅವರು ಗೋಡೆಯ ಕಡೆ ಮುಖ ತಿರುಗಿಸಿದರು. “ದೀಪಾವಳಿಯಿಂದ ಹಿಂಗ ಐತಿ. ನೀ ಮೊದ್ಲ ಭಾಳ ಹೇಸ್ಕೊಂತಿ. ರಕ್ತ ಅಂದ್ರ ನನ್ನ ತಾಟು ಬ್ಯಾರೆ ಇಡ್ತಿ ಅಂತ ಅಂಜಿದ್ನೆವ್ವಾ.”

ಅವತ್ತೇ ಸಂಡೂರಿನ ದವಾಖಾನೆಗೆ ಹೋದೆವು, ಅಲ್ಲಿಂದ ಹೊಸಪೇಟೆಗೆ. ಟಿ.ಬಿ. ಅಂದರು. ಗುಳಿಗೆ ತಪ್ಪಿಸದಿದ್ದರೆ ವಾಸಿಯಾಗುತ್ತದೆ, ಕಿಟಕಿ ತೆರೆದಿಡಿ, ಗಾಳಿ ಆಡಲಿ ಅಂದರು. ಸಂದಿಗೆ ತುರುಕಿದ್ದ ಸೀರೆಗಳನ್ನೆಲ್ಲ ನಾನೇ ಕಿತ್ತು ಹಾಕಿದೆ. ಧೂಳು ದಿಬ್ಬಣದ ಹಾಗೆ ಒಳಗೆ ಬಂತು. ಬೈಯುತ್ತ ಗುಡಿಸಿದೆ, ಗುಡಿಸುತ್ತ ಬೈದೆ. ಗುಳಿಗೆ ಒಂದು ದಿನವೂ ತಪ್ಪಲಿಲ್ಲ. ಅತ್ತೆ ಈಗ ಗಟ್ಟಿಮುಟ್ಟಾಗಿದ್ದಾರೆ, ಸಾರಿಗೆ ಉಪ್ಪು ಕಡಿಮೆ ಅನ್ನುವುದನ್ನೂ ಬಿಟ್ಟಿಲ್ಲ.

ಚಳಿಗಾಲ ಬಂದರೆ ನನಗೆ ಈಗಲೂ ಹೇಸಿಗೆಯೇ. ಆದರೆ ಅತ್ತೆಯ ಟವೆಲ್ಲು ನೆನೆಹಾಕಿದ ಮೇಲೆ ಚಹಾ ಕುಡಿಯಲು ಏಳುವುದಿಲ್ಲ. ಬಕೆಟ್ಟಿನ ಮುಂದೆಯೇ ಕುಕ್ಕರಗಾಲಲ್ಲಿ ಕೂರುತ್ತೇನೆ. ಕೆಂಪು ಮೆಲ್ಲಗೆ ಇಳಿಯುತ್ತದೆ. ನೀರು ತಿಳಿಯಾಗುತ್ತದೆ. ಆಗ ತಳಕ್ಕೆ ಕೈ ಹಾಕಿ ಆ ದರಿದ್ರ ರಾಡಿಯನ್ನು ಹಿಡಿ ತುಂಬ ಎತ್ತಿ ನೋಡುತ್ತೇನೆ.

“ಏನದು?” ಅಂತ ಅತ್ತೆ ಒಳಗಿಂದ ಕೇಳುತ್ತಾರೆ.

“ಧೂಳ್ರೀ ಅತ್ತೀ. ಬರೇ ಧೂಳು.”