ಇಂಗಿಲ್ಲದ ಸಾಂಬಾರು

ಎದುರುಮನೆಯ ಪ್ರೊಫೆಸರರ ಮೂಗು ಸತ್ತಿತ್ತು. ಮಂಡಿನೋವಿಗೆ ಲ್ಯಾಬ್ ಬಿಟ್ಟರು ಅಂತ ಬಿಲ್ಡಿಂಗಿನವರು ಈಗಲೂ ಹೇಳುವುದು ಸುಳ್ಳು. ನಿನ್ನೆ ನನ್ನ ಮೊಮ್ಮಗಳು ಉಗುರಿನ ಬಣ್ಣ ಅಳಿಸುವ ಬಾಟಲಿ ತೆರೆದಳು, ಘಾಟು ಮನೆಯೆಲ್ಲ ತುಂಬಿತು. ಪ್ರೊಫೆಸರರ ಅಂಗಿಗೆ ಯಾವಾಗಲೂ ಇದೇ ವಾಸನೆ...

ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನಲ್ಲಿ ಅಷ್ಟು ಓದಿದವರು ಬೇರೆ ಯಾರೂ ಇರಲಿಲ್ಲ. ಯೂನಿವರ್ಸಿಟಿಯಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದರು. ಏನೇನೋ ಕೂಡಿಸಿ, ಕುದಿಸಿ ಹೊಸತು ಮಾಡುವುದು ಅವರ ಕೆಲಸ. ಅದರಿಂದ ಒಂದು ಔಷಧಿಯೂ ಆಯಿತಂತೆ, ನಾನು ನೋಡಿಲ್ಲ. ಹೆಂಡತಿ ಹೋದ ಮೇಲೆ ಅವರಿಗೆ ಸಾಂಬಾರು ನಾನೇ ಕೊಡುತ್ತಿದ್ದೆ. ಅವರು ಪಾತ್ರೆಗೆ ಮೂಗು ಹಚ್ಚುತ್ತಿರಲಿಲ್ಲ. ದೂರ ಹಿಡಿದು, ಅಂಗೈಯಿಂದ ಆವಿಯನ್ನು ತಮ್ಮ ಕಡೆ ಬೀಸಿಕೊಳ್ಳುತ್ತಿದ್ದರು. ಲ್ಯಾಬಿನಲ್ಲಿ ಹಾಗೇ ಮೂಸಬೇಕಂತೆ.

"ಸಾಂಬಾರು ಮಾರಾಯ್ರೆ, ವಿಷ ಅಲ್ಲ," ಅನ್ನುತ್ತಿದ್ದೆ.

"ಉಂಡ ಮೇಲೆ ಹೇಳ್ತೇನೆ ಅಕ್ಕ."

ಒಂದು ದಿನ ನೋಡಿದರೆ ಮೂಗನ್ನು ಪಾತ್ರೆಯೊಳಗೇ ಇಳಿಸಿದ್ದಾರೆ. ಮೀಸೆಗೆ ಬೇಳೆ ಅಂಟಿತ್ತು. ನನಗೆ ಅನುಮಾನ ಹತ್ತಿತು. ಮುಂದಿನ ಸಲ ಬೇಕೆಂದೇ ಇಂಗು ಹಾಕದೆ ಮಾಡಿ ಕೊಟ್ಟು, "ಇಂಗು ಜಾಸ್ತಿಯಾಯ್ತಾ?" ಅಂದೆ. ಮೊದಲಿನ ಹಾಗೆ ಕೈ ಬೀಸಿಕೊಂಡು, "ಸ್ವಲ್ಪ ಜಾಸ್ತಿ," ಅಂದರು.

"ನಾನು ಹಾಕ್ಲೇ ಇಲ್ಲ."

ಪಾತ್ರೆಯನ್ನು ಕೆಳಗಿಟ್ಟರು. "ಇಷ್ಟು ವರ್ಷ ಆವಿ ಕುಡಿದ ಮೂಗು. ರಿಟೈರಾಗ್ಲಿಕ್ಕೆ ಒಂದೇ ವರ್ಷ ಉಂಟು. ಗೊತ್ತಾದ್ರೆ ಲ್ಯಾಬಿಗೆ ಕಾಲಿಡ್ಲಿಕ್ಕೆ ಬಿಡುದಿಲ್ಲ. ಅದು ಬಿಟ್ರೆ ನಂಗೆ ಏನುಂಟು ಅಕ್ಕ?"

"ಅಲ್ಲಿ ಮಕ್ಕಳು ಇಲ್ವಾ? ಏನಾದ್ರೂ ಸೋರಿದ್ರೆ?"

"ನಂಗೆ ಕಣ್ಣುಂಟು."

"ಸೋರಿದ ಗ್ಯಾಸು ಕಣ್ಣಿಗೆ ಕಾಣ್ತದಾ?"

ಪಾತ್ರೆಗೆ ಮುಚ್ಚಳ ಹಾಕಿ, "ನಾಳೆ ನಾನೇ ಹೋಗಿ ಹೇಳ್ತೇನೆ," ಅಂದರು. ನಾನು ನಂಬಲಿಲ್ಲ. ಇಲ್ಲದ ಇಂಗಿಗೆ ಕೈ ಬೀಸಿದವರ ನಾಳೆಯನ್ನು ನಂಬುವುದು ಹೇಗೆ?

ಈಗ ಅವರಿಲ್ಲ. ದಹಿಸರ್‌ನಲ್ಲಿರುವ ಮಗಳ ಮನೆಗೆ ಹೋದರು, ಅಲ್ಲೇ ತೀರಿಕೊಂಡರು. ಕೊನೆಯವರೆಗೂ ನನ್ನೊಡನೆ ಮಾತಾಡಲಿಲ್ಲ. ಮಂಡಿನೋವು ಅಂತ ಹಬ್ಬಿಸಿದ್ದು ಅವರೇ. ಬಿಲ್ಡಿಂಗಿನಲ್ಲಿ ನಾನೂ ಬಾಯಿ ಬಿಡಲಿಲ್ಲ. ಎದುರುಮನೆಯಲ್ಲಿ ಈಗ ಬೇರೆಯವರು, ನಾನು ಆ ಬಾಗಿಲು ತಟ್ಟುವುದಿಲ್ಲ. ಮಾಡಿದ್ದು ಸರಿಯೇ, ಇವತ್ತಾದರೂ ಅದನ್ನೇ ಮಾಡುತ್ತೇನೆ. ಆದರೆ ಅವರು ನಿಜಕ್ಕೂ ಹೇಳುತ್ತಿದ್ದರೋ ಏನೋ... ಅದು ಮಾತ್ರ ಗೊತ್ತಾಗಲೇ ಇಲ್ಲ.

ಇಂಗಿನ ಮಾತಾದ ಮರುದಿನ ಬೆಳಿಗ್ಗೆ ಅವರ ಬಚ್ಚಲಲ್ಲಿ ನೀರಿನ ಸದ್ದು ಕೇಳಿದ ಕೂಡಲೇ ನಾನು ಚಪ್ಪಲಿ ಮೆಟ್ಟಿ ಯೂನಿವರ್ಸಿಟಿಯ ಬಸ್ ಹತ್ತಿದ್ದೆ. ಅವರು ಇಸ್ತ್ರಿ ಹಾಕಿದ ಅಂಗಿ ತೊಟ್ಟು ದೊಡ್ಡ ಸಾಹೇಬರ ಕೋಣೆಯ ಬಾಗಿಲಿಗೆ ಬಂದು, ಏನೋ ಹೇಳಲು ಬಾಯಿ ತೆರೆದರು. ಒಳಗೆ ಕೂತು ನಾನು ಆಗಲೇ ಹೇಳಿ ಮುಗಿಸಿದ್ದೆ.