ಮೂರು ಆ್ಯಪ್, ಒಂದು ಮಣಿಕಟ್ಟು

ನಮ್ಮ ಮೊಮ್ಮಗಳು ಗುಬ್ಬಿ ಚಿಕ್ಕವಳಿದ್ದಾಗ ಮೇಜಿನ ಕಾಲಿಗೆ ಬ್ಯಾಂಡೇಜು ಸುತ್ತಿ, ವಾಸಿಯಾಗುವವರೆಗೆ ಯಾರೂ ಅದರ ಮೇಲೆ ಊಟ ಮಾಡಕೂಡದೆಂದು ಅಪ್ಪಣೆ ಮಾಡಿದವಳು. ಗುಣವಾದ ಮೇಲೆ ಆ ಮೇಜು ತಾನೇ ನಡೆದು ಕಿಟಕಿಯ ಹತ್ತಿರ ಹೋಯಿತು ಎಂದರೆ ನನ್ನ ಹೆಂಡತಿ ಒಪ್ಪುವುದಿಲ್ಲ.

ಈಗ ಅವಳು ನರ್ಸಿಂಗ್ ಎರಡನೇ ವರ್ಷ. ಕಾಲೇಜಿನ ಮೇಡಂ ಅವಳಿಗೊಂದು ಕೆಲಸ ಹಚ್ಚಿದ್ದರು: ಫೋನಿನಲ್ಲಿ ಸಿಗುವ ಮೂರು ಕಲಿಕೆಯ ಆ್ಯಪ್‌ಗಳನ್ನು ಒರೆಗೆ ಹಚ್ಚಿ, ಹೊಸದಾಗಿ ಸೇರಿದವರು ಯಾವುದನ್ನು ನಂಬಿ ವಾರ್ಡಿಗೆ ಹೋಗಬೇಕೆಂದು ಮರುದಿನ ಹೇಳಬೇಕು. ಇವಳು ಎಡವಿದರೆ ಅಷ್ಟೂ ಜನ ತಪ್ಪನ್ನೇ ಕಲಿಯುತ್ತಾರೆ. ಅದೇ ಚಿಂತೆಯಲ್ಲಿ ಅವಳಿಗೆ ಊಟ ಸೇರುತ್ತಿರಲಿಲ್ಲ.

ಸಂಜೆ ನನ್ನ ಮಣಿಕಟ್ಟು ಹಿಡಿದು, ನಾಡಿ ಎಣಿಸುವ ಪಾಠ ಶುರು ಮಾಡಿದಳು. ಒಂದು ಆ್ಯಪ್ ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸು ಎಂದಿತು. ಇನ್ನೊಂದು, ಅರ್ಧ ನಿಮಿಷ ಎಣಿಸಿ ಎರಡರಿಂದ. ಮೂರನೆಯದರಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ, ಬರೀ ಸಣ್ಣಕ್ಷರ. ಪೂರ್ತಿ ಓದುವ ಮೊದಲೇ ಅದಕ್ಕೆ ಕಡಿಮೆ ಅಂಕ ಕೊಟ್ಟಿದ್ದಳು.

"ಒಂದ್ಸಲ ಅರವತ್ನಾಲ್ಕು, ಒಂದ್ಸಲ ಎಪ್ಪತ್ತೆಂಟು. ಅದೇ ಕೈ, ಅದೇ ಅಜ್ಜ. ಯಾವುದು ಸುಳ್ಳು ಹೇಳ್ತಿದೆ? ಇಲ್ಲಾ ನನ್ನ ಬೆರಳೇ ಸರಿ ಇಲ್ವೋ?"

"ಹಿಂದೆ ನನ್ನ ಗೊರಕೆಗೆ ಪಕ್ಕದ ಮನೆ ಗಡಿಯಾರ ನಿಂತೋಗಿತ್ತು. ನಿನ್ನ ಫೋನೂ ಹೆದರಿರ್ಬೇಕು."

"ಅಜ್ಜ, ಸ್ವಲ್ಪ ಬಾಯ್ಮುಚ್ಕೊಂಡು ಕೂತ್ಕೊ."

"ಅದೊಂದು ಬಿಟ್ಟು ಬೇರೇನಾದ್ರೂ ಕೇಳಮ್ಮ," ಎಂದಳು ಅಡುಗೆಮನೆಯಿಂದ ಅಜ್ಜಿ.

ಬೇಸತ್ತು ಮೂರನೆಯದನ್ನು ತೆರೆದಳು. ಓದುವಾಗ ಅವಳ ತುಟಿ ಅಲ್ಲಾಡುತ್ತದೆ. ಒಂದು ಕಡೆ ನಿಂತುಬಿಟ್ಟಿತು. ನಾಡಿ ಸಮನಾಗಿ ಬಡಿಯದಿದ್ದರೆ ಪೂರ್ತಿ ಒಂದು ನಿಮಿಷ ಎಣಿಸಬೇಕು, ವೈದ್ಯರಿಗೆ ತಿಳಿಸಬೇಕು ಎಂದು ಅಲ್ಲಿತ್ತು. ಉಳಿದೆರಡು ಆ ಮಾತನ್ನೇ ಎತ್ತಿರಲಿಲ್ಲ. ಮತ್ತೆ ಕೈ ಹಿಡಿದಳು. ಈ ಸಲ ಪೂರ್ತಿ ಒಂದು ನಿಮಿಷ ಎಣಿಸಿದಳು.

"ನಡುನಡುವೆ ಬಡಿತ ತಪ್ಪಿಸ್ಕೋತಿದೆ ಅಜ್ಜ. ಯಾವಾಗಿಂದ?"

"ನಾನು ಶಾಲೆಗೂ ಹಾಗೇ ಹೋಗ್ತಿದ್ದೆ."

ಅವಳು ನಗಲಿಲ್ಲ. ಬೆಳಗಾಗುತ್ತಲೇ ಆಸ್ಪತ್ರೆಗೆ ಎಳೆದೊಯ್ದಳು. ನಾನು ಎದೆಗೆ ತಂತಿ ಅಂಟಿಸಿಕೊಂಡು ಮಲಗಿದ್ದಾಗ, ಪಕ್ಕದ ಸ್ಟೂಲಿನಲ್ಲಿ ಕೂತು ಮೂರನೆಯದರ ಅಂಕ ತಿದ್ದಿದಳು. ಪರೀಕ್ಷೆಗೆ ಕೂತದ್ದು ಫೋನು, ಮಾತ್ರೆ ಬರೆದುಕೊಟ್ಟದ್ದು ನನಗೆ. ಪಾಸೋ ಫೇಲೋ ಎಂದು ಕೇಳಿದರೆ ಡಾಕ್ಟರು, "ಮುಂದಿನ ತಿಂಗಳು ಬನ್ನಿ, ನೋಡೋಣ" ಎಂದರು.

ತರಗತಿಯಲ್ಲಿ ಅವಳು ಮೂರನೆಯದನ್ನೇ ಹೇಳಿದಳಂತೆ. ಅದರಲ್ಲಿ ಚಿತ್ರವೇ ಇಲ್ಲವಲ್ಲ ಎಂದು ಯಾರೋ ಗೊಣಗಿದ್ದಕ್ಕೆ, "ನಮ್ಮಜ್ಜನ್ನ ಕರ್ಕೊಂಡ್ಬರ್ತೀನಿ, ನೀವೇ ಎಣಿಸಿ ನೋಡಿ" ಎಂದಳಂತೆ.

ಹೋಗಬೇಕೋ ಬೇಡವೋ, ಹೋದರೆ ಯಾವ ಅಂಗಿ ಹಾಕಿಕೊಳ್ಳಬೇಕೋ, ನನಗಿನ್ನೂ ತಿಳಿಯುತ್ತಿಲ್ಲ.